ತಳಿಯ ಗುಟ್ಟು ಅರಸಿದ ಮಠಾಧಿಪತಿ ಗ್ರೆಗೊರ್ ಮೆಂಡೆಲ್

ಪ್ರತಿವರ್ಷ ಸೆಪ್ಟೆಂಬರ್ 8ರಂದು ಕನ್ಯಾ ಮರಿಯಮ್ಮನವರ ಜನನೋತ್ಸವವನ್ನು ನಾವು ತೆನೆ ಹಬ್ಬವಾಗಿ ಆಚರಿಸುತ್ತೇವೆ. ಕರಾವಳಿಯಿಂದ ಘಟ್ಟ ಹತ್ತಿ ಬಂದು ಮಲೆನಾಡಿನಲ್ಲಿ ನೆಲೆ ನಿಂತ ಕುಟುಂಬಗಳು ತಮ್ಮೊಂದಿಗೆ ತಂದ ಹಬ್ಬವಿದು. ಹೊಸ ಭತ್ತದ ತೆನೆಗಳನ್ನು ದೇವಾಲಯದಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುವುದು, ಮನೆಯ ಹಿರಿಯರು ಆ ತೆನೆಯ ಕಾಳುಗಳನ್ನು ಸುಲಿದು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಎಲ್ಲರಿಗೂ ಕೊಡುವುದು ಇದರ ರೂಢಿ. ಆ ಬಟ್ಟಲಿನಲ್ಲಿರುವ ಅಕ್ಕಿ ಮತ್ತು ಹಾಲು ಎರಡಕ್ಕೂ ಮೂಲ ಒಂದೇ ಎಂಬುದನ್ನು ನಾವು ನೆನೆಯುವುದು ಅಪರೂಪ. ಭತ್ತವೂ ಸಸ್ಯಶಾಸ್ತ್ರದ ಪ್ರಕಾರ ಒಂದು ಹುಲ್ಲು. ಹಾಲು ಹುಲ್ಲನ್ನು ತಿಂದ ಹಸುವಿನ ಕೊಡುಗೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹಾದಿಯಲ್ಲಿ ಮಾಚೇನಹಳ್ಳಿಯ ಹಾಲಿನ ಡೇರಿ ಸಿಗುತ್ತದೆ. ಸುತ್ತಲ ಹಳ್ಳಿಗಳ ಸಂಘಗಳಲ್ಲಿ ಬೆಳಗ್ಗೆ ಮತ್ತು ಸಂಜೆ ಅಳೆದು ಸುರಿದ ಹಾಲು ಇಲ್ಲಿಗೆ ಬಂದು ಸೇರುತ್ತದೆ. ಆ ಹಾಲಿನ ಹಿಂದೆ ಮೇವಿನ ಚಿಂತೆ ಇದೆ. ಗದ್ದೆಯ ಒಣಹುಲ್ಲು ಹಸುವಿನ ಹೊಟ್ಟೆ ತುಂಬಿಸೀತು, ಕೆಚ್ಚಲು ತುಂಬಿಸದು. ಆದಕಾರಣ ಹಸು ಕಟ್ಟಿದವರು ಬಾವಿಯ ಬದಿಯಲ್ಲೋ ತೋಟದ ಅಂಚಿನಲ್ಲೋ ನಾಲ್ಕು ಗುಂಟೆ ಸೀಮೆಹುಲ್ಲು ಹಾಕಿಕೊಂಡಿರುತ್ತಾರೆ. ಆಳೆತ್ತರ ಮೀರಿ ಬೆಳೆಯುವ, ಕೊಯ್ದಷ್ಟೂ ಚಿಗುರುವ ಈ ಹುಲ್ಲು ಪ್ರಕೃತಿಯಲ್ಲಿ ತಾನಾಗಿ ಹುಟ್ಟಿದ್ದಲ್ಲ. ಎರಡು ಬೇರೆ ಬೇರೆ ಜಾತಿಯ ಹುಲ್ಲುಗಳನ್ನು ಆಯ್ದು, ಕೂಡಿಸಿ, ಮನುಷ್ಯನು ಪಡೆದ ಸಂತಾನವದು. ಯಾವುದಕ್ಕೆ ಯಾವುದನ್ನು ಕೂಡಿಸಬೇಕು, ಕೂಡಿಸಿದರೆ ಏನು ಹುಟ್ಟುತ್ತದೆ ಎಂಬ ವಿಚಾರಕ್ಕೆ ಭದ್ರವಾದ ತಳಹದಿ ಹಾಕಿಕೊಟ್ಟವರು ನಮ್ಮ ಧರ್ಮಸಭೆಯ ಒಬ್ಬ ಯಾಜಕರು. ಸಂತ ಅಗಸ್ಟೀನರ ಸಭೆಗೆ ಸೇರಿದ, ಜೀವಿತಕಾಲದಲ್ಲಿ ಯಾವ ಮನ್ನಣೆಯನ್ನೂ ಕಾಣದೆ ತೀರಿಕೊಂಡ ಗ್ರೆಗೊರ್ ಮೆಂಡೆಲ್ ಅವರ ಬದುಕನ್ನು ಈ ವಾರ ನೆನೆಯೋಣ.

ರೈತನ ಮಗ

ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಚೆಕ್ ಗಣರಾಜ್ಯದಲ್ಲಿರುವ ಹೈನ್‌ಜೆನ್‌ಡಾರ್ಫ್ ಎಂಬ ಸಣ್ಣ ಹಳ್ಳಿಯಲ್ಲಿ 1822ರ ಜುಲೈ ತಿಂಗಳಲ್ಲಿ ಮೆಂಡೆಲ್ ಜನಿಸಿದರು. ದೀಕ್ಷಾಸ್ನಾನದಲ್ಲಿ ಅವರಿಗಿಟ್ಟ ಹೆಸರು ಯೋಹಾನ್. ತಂದೆ ಆಂಟನ್, ತಾಯಿ ರೋಸೀನ್. ಮೂವರು ಮಕ್ಕಳಲ್ಲಿ ಯೋಹಾನ್ ಒಬ್ಬನೇ ಗಂಡುಮಗ. ತಂದೆಗೆ ಸ್ವಂತ ಹೊಲವಿತ್ತು. ಆದರೆ ವಾರದಲ್ಲಿ ಮೂರು ದಿನ ಒಡೆಯನ ನೆಲದಲ್ಲಿ ಬಿಟ್ಟಿ ದುಡಿಯಬೇಕಾಗಿತ್ತು. ಊರಿನ ಧರ್ಮಕೇಂದ್ರದ ಗುರುಗಳು ಹಣ್ಣಿನ ಗಿಡಗಳ ಬಗ್ಗೆ ಆಸಕ್ತಿಯುಳ್ಳವರು. ಶಾಲೆಯ ಮಕ್ಕಳಿಗೂ ಊರಿನ ರೈತರಿಗೂ ಅವರು ಗಿಡಗಳ ಆರೈಕೆಯನ್ನು ಕಲಿಸುತ್ತಿದ್ದರು. ಮೆಂಡೆಲ್ ಅವರಿಗೆ ತೋಟದ ಕೆಲಸದ ಮೊದಲ ಪಾಠ ದೊರೆತದ್ದು ತಂದೆಯಿಂದ ಮತ್ತು ಈ ಗುರುಗಳಿಂದ.

ಬುದ್ಧಿವಂತನಾದ ಹುಡುಗನನ್ನು ಹೆತ್ತವರು ಕಷ್ಟಪಟ್ಟು ದೂರದ ಪಟ್ಟಣದ ಶಾಲೆಗೆ ಕಳಿಸಿದರು. ಅವನು ಅರೆಹೊಟ್ಟೆಯಲ್ಲಿಯೇ ಓದಿದ. 1838ರಲ್ಲಿ ಬಿಟ್ಟಿ ಕೆಲಸದ ವೇಳೆ ಮರದ ದಿಮ್ಮಿ ಉರುಳಿ ತಂದೆ ತೀವ್ರವಾಗಿ ಗಾಯಗೊಂಡರು. ಅಲ್ಲಿಂದ ಮುಂದೆ ಮನೆಯಿಂದ ಹಣ ಬರುವುದು ನಿಂತಿತು. ಖಾಸಗಿ ಪಾಠ ಹೇಳಿಕೊಟ್ಟು ಹೇಗೋ ಓದನ್ನು ಮುಂದುವರಿಸಿದ ಯುವಕನಿಗೆ ಕೊನೆಗೆ ನೆರವಾದವಳು ತಂಗಿ ತೆರೇಸಿಯಾ. ತನ್ನ ಮದುವೆಗೆಂದು ಮೀಸಲಿಟ್ಟಿದ್ದ ಆಸ್ತಿಯ ಒಂದು ಪಾಲನ್ನು ಅವಳು ಅಣ್ಣನ ಓದಿಗಾಗಿ ಬಿಟ್ಟುಕೊಟ್ಟಳು. ಮೆಂಡೆಲ್ ಈ ಉಪಕಾರವನ್ನು ಮರೆಯಲಿಲ್ಲ. ಮುಂದೆ ತೆರೇಸಿಯಾಳ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ಅವರೇ ಆಸರೆಯಾದರು. ಅವರಲ್ಲಿ ಇಬ್ಬರು ವೈದ್ಯರಾದರು.

ಮಠದ ಬಾಗಿಲು

ಓದು ಮುಗಿಯುವ ಹೊತ್ತಿಗೆ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಬ್ರನೋ ನಗರದ ಸಂತ ತೋಮಾಸರ ಮಠಕ್ಕೆ ಮೆಂಡೆಲ್ ಅವರ ಹೆಸರನ್ನು ಶಿಫಾರಸು ಮಾಡಿದರು. 1843ರ ಅಕ್ಟೋಬರ್‌ನಲ್ಲಿ ಅವರು ಅಗಸ್ಟೀನ್ ಸಭೆಯನ್ನು ಸೇರಿ ಗ್ರೆಗೊರ್ ಎಂಬ ಹೆಸರನ್ನು ಪಡೆದರು. 1847ರಲ್ಲಿ ಯಾಜಕ ದೀಕ್ಷೆಯಾಯಿತು. ಅನ್ನದ ಚಿಂತೆಯಿಂದ ಬಿಡುಗಡೆ ಬಯಸಿಯೂ ಅವರು ಮಠದ ಬಾಗಿಲು ತಟ್ಟಿದರೆಂಬುದನ್ನು ಮರೆಮಾಚಬೇಕಿಲ್ಲ. ಬಡವನ ಮಗನಿಗೆ ದೇವರ ಕರೆ ಕೆಲವೊಮ್ಮೆ ಹಸಿವಿನ ಹಾದಿಯಿಂದಲೂ ಬರುತ್ತದೆ. ಆ ಕರೆಗೆ ಅವರು ಕೊನೆಯವರೆಗೂ ನಿಷ್ಠರಾಗಿದ್ದರು.

ಮೊದಲಿಗೆ ಅವರನ್ನು ಧರ್ಮಕೇಂದ್ರದ ಸೇವೆಗೆ ನೇಮಿಸಲಾಯಿತು. ರೋಗಿಗಳ ಮತ್ತು ಮರಣಾಸನ್ನರ ಬಳಿ ಕುಳಿತು ಅವರ ನೋವನ್ನು ನೋಡುವುದು ಮೆಂಡೆಲ್ ಅವರಿಂದ ಆಗಲಿಲ್ಲ. ಅವರೇ ಹಾಸಿಗೆ ಹಿಡಿದರು. ಮಠಾಧಿಪತಿ ಸಿರಿಲ್ ನಾಪ್ ಅವರು ಇದನ್ನು ಕಂಡು ಅವರನ್ನು ಗದರಿಸಲಿಲ್ಲ. ಶಾಲೆಯೊಂದರಲ್ಲಿ ಪಾಠ ಹೇಳಲು ಕಳಿಸಿದರು. ಪಾಠ ಹೇಳುವುದರಲ್ಲಿ ಮೆಂಡೆಲ್ ಪಳಗಿದರು, ವಿದ್ಯಾರ್ಥಿಗಳ ಪ್ರೀತಿ ಗಳಿಸಿದರು. ಆದರೆ 1850ರಲ್ಲಿ ಅಧ್ಯಾಪಕ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ನಾಪ್ ಅವರು ಆಗಲೂ ಕೈಬಿಡದೆ 1851ರಲ್ಲಿ ಅವರನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿ ಖ್ಯಾತ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ ಅವರಿಂದ ಭೌತಶಾಸ್ತ್ರವನ್ನೂ ಫ್ರಾಂಜ್ ಉಂಗರ್ ಅವರಿಂದ ಸಸ್ಯಶಾಸ್ತ್ರವನ್ನೂ ಮೆಂಡೆಲ್ ಕಲಿತರು. ಎಣಿಸಿ, ಲೆಕ್ಕವಿಟ್ಟು ನಿಸರ್ಗವನ್ನು ಅರಿಯುವ ಕ್ರಮ ಅವರ ಕೈಗೆ ಹತ್ತಿದ್ದು ಅಲ್ಲಿ. 1856ರಲ್ಲಿ ಮತ್ತೊಮ್ಮೆ ಅದೇ ಪರೀಕ್ಷೆಗೆ ಕುಳಿತರು. ಅನಾರೋಗ್ಯದಿಂದ ಅದೂ ಕೈಗೂಡಲಿಲ್ಲ. ಅನುವಂಶೀಯತೆಯ ವಿಜ್ಞಾನಕ್ಕೆ ಪಿತಾಮಹರೆನಿಸಿದವರು ಕಾಯಂ ಅಧ್ಯಾಪಕರ ಅರ್ಹತೆಯನ್ನು ಎಂದೂ ಪಡೆಯಲಿಲ್ಲ.

ಬ್ರನೋ ಆಗ ಉಣ್ಣೆ ಗಿರಣಿಗಳ ಊರು. ನಮ್ಮ ಭದ್ರಾವತಿ ಕಬ್ಬಿಣ ಮತ್ತು ಕಾಗದದಿಂದ ಹೆಸರಾದಂತೆ ಅದು ಬಟ್ಟೆಯಿಂದ ಹೆಸರಾಗಿತ್ತು. ಸುತ್ತಲಿನ ಕುರಿ ಸಾಕಣೆಗಾರರಿಗೆ ಒಳ್ಳೆಯ ಉಣ್ಣೆಯ ಕುರಿ ಬೇಕಿತ್ತು. ಯಾವ ಟಗರಿಗೆ ಯಾವ ಕುರಿಯನ್ನು ಕೂಡಿಸಬೇಕೆಂಬ ಚರ್ಚೆ ಅವರ ಸಭೆಗಳಲ್ಲಿ ನಡೆಯುತ್ತಿತ್ತು. ಆ ಚರ್ಚೆಗಳಲ್ಲಿ ಪಾಲ್ಗೊಳ್ಳುತ್ತಿದ್ದ ನಾಪ್ ಅವರು, ಕೂಡಿಸುವ ವಿಧಾನಕ್ಕಿಂತ ಮುಖ್ಯವಾದದ್ದು ಸಂತತಿಗೆ ಏನು ಇಳಿದು ಬರುತ್ತದೆ, ಹೇಗೆ ಇಳಿದು ಬರುತ್ತದೆ ಎಂಬುದು ಎಂದು 1830ರ ದಶಕದಲ್ಲಿಯೇ ಗುರುತಿಸಿದ್ದರು. ಅದಕ್ಕೆ ಉತ್ತರ ಹುಡುಕಿದವರು ಅವರ ಮಠದ ಈ ಕಿರಿಯ ಸೋದರ.

ಎರಡು ವರ್ಷದ ಮೌನ ಪರೀಕ್ಷೆ

ಮೆಂಡೆಲ್ ಆರಿಸಿಕೊಂಡದ್ದು ಬಟಾಣಿ ಗಿಡವನ್ನು. ಮಠದ ಗೋಡೆಯ ಬದಿಯಲ್ಲಿ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲದ ತೋಟ ಅವರ ಪ್ರಯೋಗಶಾಲೆ. ಸಾಮಾನ್ಯವಾಗಿ ಅವರ ಕಥೆಯನ್ನು ಹೇಳುವವರು ಸಂಕರಣದಿಂದಲೇ ಆರಂಭಿಸುತ್ತಾರೆ. ಆದರೆ ಅದಕ್ಕೂ ಮುಂಚಿನ ಎರಡು ವರ್ಷಗಳು ಅತ್ಯಂತ ಮಹತ್ವದವು. ಬೀಜ ವ್ಯಾಪಾರಿಗಳಿಂದ ಅವರು 34 ಬಗೆಯ ಬಟಾಣಿಗಳನ್ನು ತರಿಸಿದರು. ಯಾವುದನ್ನೂ ಯಾವುದಕ್ಕೂ ಕೂಡಿಸದೆ ಎರಡು ವರ್ಷ ಸುಮ್ಮನೆ ಬೆಳೆಸಿ ನೋಡಿದರು. ಪ್ರತಿಯೊಂದು ಬಗೆಯೂ ತನ್ನಂಥದ್ದನ್ನೇ ಹೆರುತ್ತದೆಯೇ, ಇಲ್ಲವೇ ಅದರೊಳಗೆ ಬೇರೆ ಗುಣ ಅಡಗಿದೆಯೇ ಎಂದು ಪರೀಕ್ಷಿಸಿದರು. ನಂಬಿಕೆಗೆ ಅರ್ಹವೆಂದು ಕಂಡ 22 ಬಗೆಗಳನ್ನು ಉಳಿಸಿಕೊಂಡರು. ಅವುಗಳಲ್ಲಿ ಒಂದಕ್ಕೊಂದು ಸ್ಪಷ್ಟವಾಗಿ ವಿರುದ್ಧವಾದ 7 ಗುಣಗಳನ್ನು ಗುರುತಿಸಿದರು: ಕಾಳು ಗುಂಡಗೋ ಸುಕ್ಕೋ, ಹಳದಿಯೋ ಹಸಿರೋ, ಗಿಡ ಎತ್ತರವೋ ಗಿಡ್ಡವೋ ಎಂಬಂತಹವು.

ಇಂದಿನ ಮಾತಿನಲ್ಲಿ ಹೇಳುವುದಾದರೆ ಮೆಂಡೆಲ್ ಮೊದಲು ಮಾಡಿದ ಕೆಲಸ ತಾಯಿ-ತಂದೆ ಸಸ್ಯಗಳ ಆಯ್ಕೆ. ಎರಡರ ನಡುವೆ ಭೇದ ನಿಚ್ಚಳವಾಗಿರಬೇಕು. ಒಂದೊಂದೂ ತನ್ನಷ್ಟಕ್ಕೆ ಶುದ್ಧವಾಗಿರಬೇಕು. ಹುಟ್ಟುವ ಸಂತತಿ ಬಂಜೆಯಾಗಬಾರದು. ಅವರಿಗಿಂತ ಹಿಂದೆ ಸಸ್ಯಗಳನ್ನು ಸಂಕರಗೊಳಿಸಿದ ಅನೇಕರು ಕಣ್ಣಿಗೆ ಕಂಡದ್ದನ್ನು ಕೂಡಿಸಿ, ಹುಟ್ಟಿದ್ದನ್ನು ಕಂಡು ಬೆರಗಾಗಿ ಅಲ್ಲಿಗೇ ನಿಂತಿದ್ದರು. ಮೆಂಡೆಲ್ ಮೊದಲು ಗಿಡದ ಮನೆತನವನ್ನು ವಿಚಾರಿಸಿದರು.

1856ರಿಂದ 1863ರವರೆಗೆ ಸುಮಾರು 28,000 ಗಿಡಗಳನ್ನು ಅವರು ಬೆಳೆಸಿದರು. ಹೂ ಬಿರಿಯುವ ಮುನ್ನವೇ ಇಕ್ಕಳದಿಂದ ಕೇಸರಗಳನ್ನು ಕಿತ್ತು, ಇನ್ನೊಂದು ಗಿಡದ ಪರಾಗವನ್ನು ತಂದು ಲೇಪಿಸಿ, ಕೀಟಗಳು ಮುಟ್ಟದಂತೆ ಹೂವಿಗೆ ಚೀಲ ಕಟ್ಟುತ್ತಿದ್ದರು. ಗುಂಡು ಕಾಳಿನ ಗಿಡಕ್ಕೆ ಸುಕ್ಕು ಕಾಳಿನ ಗಿಡವನ್ನು ಕೂಡಿಸಿದಾಗ ಮೊದಲ ಪೀಳಿಗೆಯ ಕಾಳುಗಳೆಲ್ಲ ಗುಂಡಾದವು. ಆ ಕಾಳುಗಳನ್ನು ಬಿತ್ತಿ ಅವುಗಳನ್ನು ಅವುಗಳ ಪಾಡಿಗೆ ಬಿಟ್ಟಾಗ ಎರಡನೆಯ ಪೀಳಿಗೆಯಲ್ಲಿ 5,474 ಗುಂಡು ಕಾಳುಗಳೂ 1,850 ಸುಕ್ಕು ಕಾಳುಗಳೂ ಬಂದವು. ಮೂರಕ್ಕೆ ಒಂದರ ಲೆಕ್ಕ. ಉಳಿದ ಗುಣಗಳಲ್ಲಿಯೂ ಅದೇ ಲೆಕ್ಕ ಮರುಕಳಿಸಿತು. ಅಳಿದುಹೋಯಿತೆಂದು ತೋರಿದ ಗುಣ ಅಳಿದಿರಲಿಲ್ಲ. ಒಂದು ಪೀಳಿಗೆ ಅಡಗಿ ಕುಳಿತು ಮರುಪೀಳಿಗೆಯಲ್ಲಿ ಮತ್ತೆ ತಲೆಯೆತ್ತಿತ್ತು. ಗುಣಗಳು ಹಾಲು-ನೀರಿನಂತೆ ಬೆರೆತು ಕರಗಿಹೋಗುವುದಿಲ್ಲ, ಕಾಳುಗಳಂತೆ ಬಿಡಿಬಿಡಿಯಾಗಿ ತಾಯಿಯಿಂದೊಂದು ತಂದೆಯಿಂದೊಂದು ಬಂದು ಸೇರುತ್ತವೆ ಎಂಬ ಸತ್ಯ ಹೀಗೆ ಹೊರಬಂತು.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರನೋದ ನಿಸರ್ಗ ವಿಜ್ಞಾನ ಸಂಘದಲ್ಲಿ ಅವರು ಈ ವಿಷಯವನ್ನು ಮಂಡಿಸಿದರು. 1866ರಲ್ಲಿ ಅದು ಅಚ್ಚಾಯಿತು. ಅದರ 40 ಬಿಡಿ ಪ್ರತಿಗಳನ್ನು ಅವರು ತರಿಸಿಕೊಂಡು ಕೆಲವು ವಿದ್ವಾಂಸರಿಗೆ ಕಳಿಸಿದರು. ಅದರ ಮಹತ್ವವನ್ನು ಯಾರೂ ಅರಿಯಲಿಲ್ಲ.

ಸೋಲಿನ ಹೂವು

ಉತ್ತರ ಬರೆದ ಪ್ರಮುಖರಲ್ಲಿ ಮ್ಯೂನಿಕ್ಕಿನ ಪ್ರಾಧ್ಯಾಪಕ ಕಾರ್ಲ್ ನೇಗೆಲಿ ಒಬ್ಬರು. ಅವರಿಗೆ ಬಟಾಣಿಯ ಲೆಕ್ಕದಲ್ಲಿ ನಂಬಿಕೆ ಹುಟ್ಟಲಿಲ್ಲ. ತಾವು ಅಧ್ಯಯನ ಮಾಡುತ್ತಿದ್ದ ಹಾಕ್‌ವೀಡ್ ಎಂಬ ಹಳದಿ ಹೂವಿನ ಕಾಡುಗಿಡದ ಮೇಲಿನ ಪ್ರಯೋಗಗಳಿಗೆ ಅವರು ಮೆಂಡೆಲ್ ಅವರನ್ನು ಪ್ರೋತ್ಸಾಹಿಸಿದರು. ನಮ್ಮ ಸೇವಂತಿಗೆಯ ಬಳಗಕ್ಕೆ ಸೇರಿದ ಈ ಗಿಡದ ಒಂದೊಂದು ಹೂವೂ ಸಾಸಿವೆಯಷ್ಟು ಸಣ್ಣ ಹೂಗಳ ಗೊಂಚಲು. ಮಸೂರ ಹಿಡಿದು, ಕನ್ನಡಿಯಿಂದ ಬೆಳಕು ಬೀಳಿಸಿ, ಆ ಕಿರುಹೂಗಳ ಕೇಸರ ಕೀಳುತ್ತ ಮೆಂಡೆಲ್ ತಮ್ಮ ಕಣ್ಣನ್ನೇ ಕೆಡಿಸಿಕೊಂಡರು. ಫಲಿತಾಂಶ ಮಾತ್ರ ಬಟಾಣಿಗೆ ತದ್ವಿರುದ್ಧ. ಇಲ್ಲಿ ಮೊದಲ ಪೀಳಿಗೆಯಲ್ಲಿಯೇ ಬಗೆಬಗೆಯ ಗಿಡಗಳು ಕಂಡವು. ಆಮೇಲಿನ ಪೀಳಿಗೆಗಳು ಬದಲಾಗದೆ ತಾಯಿಯ ಪಡಿಯಚ್ಚಾಗಿಯೇ ಉಳಿದವು. ತಾವು ಕಂಡುಕೊಂಡ ನಿಯಮಕ್ಕೆ ಈ ಗಿಡ ಒಪ್ಪಲಿಲ್ಲವೆಂಬುದನ್ನು ಮೆಂಡೆಲ್ ಮುಚ್ಚಿಡಲಿಲ್ಲ. ಅದನ್ನೂ ಅಷ್ಟೇ ಪ್ರಾಮಾಣಿಕವಾಗಿ ಬರೆದು ಪ್ರಕಟಿಸಿದರು.

ಕಾರಣ ತಿಳಿದದ್ದು ಅವರ ಮರಣಾನಂತರ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಹಾಕ್‌ವೀಡ್ ಬಹುಮಟ್ಟಿಗೆ ಪರಾಗದ ನೆರವಿಲ್ಲದೆಯೇ ಬೀಜ ಕಟ್ಟುವ ಗಿಡ. ಅಂತಹ ಬೀಜದಲ್ಲಿ ತಂದೆಯ ಪಾಲಿರುವುದಿಲ್ಲ. ಮೊಳೆತ ಸಸಿ ತಾಯಿಯ ನಕಲು. ಮೆಂಡೆಲ್ ಅವರ ನಿಯಮ ತಪ್ಪಾಗಿರಲಿಲ್ಲ. ಆ ನಿಯಮವನ್ನು ಪರೀಕ್ಷಿಸಲು ಆರಿಸಿದ ಗಿಡವೇ ಅದಕ್ಕೆ ತಕ್ಕುದಾಗಿರಲಿಲ್ಲ. ಬಟಾಣಿಯ ವಿಷಯದಲ್ಲಿ ಎರಡು ವರ್ಷ ವಿಚಾರಿಸಿ ಆರಿಸಿದ್ದರಿಂದ ಗೆಲುವು ಬಂತು. ಹಾಕ್‌ವೀಡಿನ ಗುಟ್ಟನ್ನು ವಿಚಾರಿಸುವ ದಾರಿಯೇ ಆ ಕಾಲಕ್ಕೆ ಇರಲಿಲ್ಲವಾದ್ದರಿಂದ ಸೋಲು ಬಂತು.

ಮೇವಿನ ಹುಲ್ಲುಗಳಿಗೂ ಈ ಸೋಲಿಗೂ ನೇರ ಸಂಬಂಧವಿದೆ. ತೆಂಗಿನ ತೋಟದ ಅರೆನೆರಳಿನಲ್ಲೂ ಬೆಳೆಯುವ ಗಿನಿ ಹುಲ್ಲನ್ನು ನಮ್ಮ ರೈತರು ಬಲ್ಲರು. ಅದು ಕೂಡ ಹಾಕ್‌ವೀಡಿನಂತೆ ಸಾಮಾನ್ಯವಾಗಿ ತಂದೆಯ ಪಾಲಿಲ್ಲದ ಬೀಜವನ್ನೇ ಕಟ್ಟುತ್ತದೆ. ಒಳ್ಳೆಯ ಎರಡು ಗಿನಿ ಹುಲ್ಲುಗಳನ್ನು ಅಕ್ಕಪಕ್ಕ ನೆಟ್ಟು ಹೊಸ ತಳಿ ಹುಟ್ಟೀತೆಂದು ಎಷ್ಟು ವರ್ಷ ಕಾದರೂ ಪ್ರಯೋಜನವಿಲ್ಲ. ನಿಜವಾದ ಸಂಕರಣಕ್ಕೆ ಒಪ್ಪುವ ತಾಯಿಗಿಡ ಬೇಕು. 1960ರ ದಶಕದಲ್ಲಿ ಫ್ರೆಂಚ್ ವಿಜ್ಞಾನಿಗಳು ಈ ಹುಲ್ಲಿನ ತವರಾದ ಪೂರ್ವ ಆಫ್ರಿಕಾದಲ್ಲಿ ಅಲೆದು ಬೀಜ ಸಂಗ್ರಹಿಸಿದಾಗ ಅಂತಹ ಅಪರೂಪದ ಗಿಡಗಳು ದೊರೆತವು. ಸಾಮಾನ್ಯ ಗಿಡಗಳ ನಡುವೆ ಅಡಗಿದ್ದ ಕೆಲವೇ ಗಿಡಗಳಿಂದ ಗಿನಿ ಹುಲ್ಲಿನ ತಳಿ ಅಭಿವೃದ್ಧಿಗೆ ದಾರಿ ತೆರೆಯಿತು. ಕಾಡಿನಲ್ಲಿ ವೈವಿಧ್ಯ ಉಳಿದಿದ್ದರಿಂದ ಇದು ಸಾಧ್ಯವಾಯಿತು.

ಮಠಾಧಿಪತಿಯ ಹೊರೆ

1868ರಲ್ಲಿ ನಾಪ್ ಅವರ ನಿಧನಾನಂತರ ಮೆಂಡೆಲ್ ಮಠಾಧಿಪತಿಯಾಗಿ ಆಯ್ಕೆಯಾದರು. ಅಲ್ಲಿಂದ ತೋಟಕ್ಕೆ ಸಮಯ ಸಿಗುವುದು ಕಡಿಮೆಯಾಯಿತು. ಜೇನು ಸಾಕಿದರು, ದಿನದಿನದ ಹವಾಮಾನವನ್ನು ದಾಖಲಿಸಿದರು. ಆದರೆ ದೊಡ್ಡ ಪ್ರಯೋಗಗಳು ನಿಂತವು. 1874ರಲ್ಲಿ ಸರ್ಕಾರವು ಮಠಗಳ ಆಸ್ತಿಯ ಮೇಲೆ ಹೊಸ ತೆರಿಗೆಯನ್ನು ವಿಧಿಸಿತು. ಅದು ಅನ್ಯಾಯವೆಂದು ಮೆಂಡೆಲ್ ದೃಢವಾಗಿ ನಂಬಿದರು, ಕಟ್ಟಲು ಒಪ್ಪಲಿಲ್ಲ. ಇತರ ಮಠಗಳು ಒಂದೊಂದಾಗಿ ಮಣಿದರೂ ಅವರು ಏಕಾಂಗಿಯಾಗಿ ವರ್ಷಗಟ್ಟಲೆ ಪತ್ರ ಬರೆದು ವಾದಿಸಿದರು. ಆಸ್ತಿಯ ಆದಾಯವನ್ನು ಸರ್ಕಾರ ಜಪ್ತಿ ಮಾಡಿತು. ಗೆಳೆಯರು ದೂರವಾದರು. ಆರೋಗ್ಯ ಕುಗ್ಗಿತು. ಈ ಹಟವನ್ನು ಸದ್ಗುಣವೆನ್ನಬೇಕೋ ದೌರ್ಬಲ್ಯವೆನ್ನಬೇಕೋ ಎಂದು ನಿರ್ಣಯಿಸುವುದು ಕಷ್ಟ. ಹತ್ತಾರು ಸಾವಿರ ಗಿಡಗಳ ಲೆಕ್ಕವನ್ನು ಬಿಡದೆ ಹಿಡಿದ ಸ್ವಭಾವವೇ ಇಲ್ಲಿಯೂ ಕೆಲಸ ಮಾಡಿತೆನ್ನಬಹುದು.

1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಮೂತ್ರಪಿಂಡದ ಕಾಯಿಲೆಯಿಂದ ಬಳಲುತ್ತಿದ್ದ ಮೆಂಡೆಲ್ ತಮ್ಮ 61ನೆಯ ವಯಸ್ಸಿನಲ್ಲಿ ನಿಧನರಾದರು. ಅವರನ್ನು ಮಣ್ಣು ಮಾಡಿದ ಜನ ಒಬ್ಬ ಒಳ್ಳೆಯ ಮಠಾಧಿಪತಿಯನ್ನು, ಬಡವರಿಗೆ ಕೊಡುಗೈಯಾಗಿದ್ದ ಯಾಜಕನನ್ನು ಕಳೆದುಕೊಂಡೆವೆಂದು ದುಃಖಿಸಿದರು. ಒಬ್ಬ ಮಹಾವಿಜ್ಞಾನಿಯನ್ನು ಕಳೆದುಕೊಂಡೆವೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರ ಬಹುಪಾಲು ಟಿಪ್ಪಣಿಗಳು ಬೆಂಕಿಯ ಪಾಲಾದವು.

1900ರಲ್ಲಿ ಹ್ಯೂಗೋ ಡಿ ವ್ರೀಸ್, ಕಾರ್ಲ್ ಕೊರೆನ್ಸ್, ಎರಿಕ್ ಫಾನ್ ಚೆರ್ಮಾಕ್ ಎಂಬ ಮೂವರು ಬೇರೆ ಬೇರೆ ದೇಶಗಳಲ್ಲಿ ಸಂಕರಣದ ಪ್ರಯೋಗಗಳನ್ನು ಮಾಡುತ್ತಿದ್ದಾಗ, ತಮಗಿಂತ 34 ವರ್ಷ ಮೊದಲೇ ಒಬ್ಬ ಯಾಜಕರು ಇದನ್ನೆಲ್ಲ ಬರೆದಿಟ್ಟಿರುವುದನ್ನು ಕಂಡುಕೊಂಡರು. ಅಲ್ಲಿಂದ ಮೆಂಡೆಲ್ ಅವರ ಹೆಸರು ಜಗತ್ತಿಗೆಲ್ಲ ಹರಡಿತು.

ನಮ್ಮ ನಾಡಿನ ಜೋಡಿಗಳು

ಮೆಂಡೆಲ್ ಅವರ ಮಾರ್ಗ ಕನ್ನಡ ನಾಡಿನಲ್ಲಿಯೂ ಫಲ ಕೊಟ್ಟಿದೆ. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಹೊಸ ತಳಿಗಳನ್ನು ಪಡೆದರು. ಇಂಡಿಯಾ ಮತ್ತು ಆಫ್ರಿಕಾ ಎರಡರ ಹೆಸರೂ ಸೇರಿ ಅವು ಇಂಡಾಫ್ ಎನಿಸಿದವು. ರಾಗಿಯೂ ಹುಲ್ಲಿನ ಕುಲದ್ದೇ. ಅದರ ಕಾಳು ಮನುಷ್ಯರಿಗೆ, ಹುಲ್ಲು ದನಗಳಿಗೆ. ಊರಿನ ರಾಗಿಗೆ ಊರಿನ ರಾಗಿಯನ್ನೇ ಕೂಡಿಸಿದಾಗ ದೊರೆಯದ ಇಳುವರಿ ದೂರದ ನೆಂಟಸ್ತಿಕೆಯಿಂದ ದೊರೆಯಿತು.

ನಮ್ಮ ಸೀಮೆಹುಲ್ಲಿನ ಕಥೆಯೂ ಇಂಥದ್ದೇ. ಅದರ ಒಂದು ಕಡೆಯ ಪೋಷಕ ಸಸ್ಯ ಸಜ್ಜೆ, ಇನ್ನೊಂದು ಕಡೆಯದು ಆಫ್ರಿಕಾ ಮೂಲದ ನೇಪಿಯರ್ ಹುಲ್ಲು. ಸಜ್ಜೆಯ ಎಲೆ ಮೃದು, ರುಚಿಕರ, ಬೆಳವಣಿಗೆ ವೇಗದ್ದು, ಆದರೆ ಒಂದು ಬೆಳೆಗೆ ಅದರ ಆಯುಸ್ಸು ಮುಗಿಯುತ್ತದೆ. ನೇಪಿಯರ್ ಒರಟು, ಆದರೆ ವರ್ಷಾನುಗಟ್ಟಲೆ ನಿಲ್ಲುವ ಗಟ್ಟಿಗ. 1950ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಇವೆರಡನ್ನೂ ಕೂಡಿಸಲಾಯಿತು. ಆಮೇಲೆ ದೆಹಲಿಯ ಪೂಸಾ ಸಂಸ್ಥೆಯಲ್ಲಿ, ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ಇನ್ನಷ್ಟು ತಳಿಗಳು ಬಂದವು. ಧಾರವಾಡದ ಸಂಪೂರ್ಣ, ಕೊಯಮತ್ತೂರಿನ ಸಿಒ-3 ಮತ್ತು ಸಿಒ-4 ಇಂತಹವು. ಸಜ್ಜೆಯಲ್ಲಿ 14 ವರ್ಣತಂತುಗಳು, ನೇಪಿಯರ್‌ನಲ್ಲಿ 28. ಸಂತಾನಕ್ಕೆ ಬಂದದ್ದು ಅವೆರಡರ ಅರ್ಧರ್ಧ ಸೇರಿ 21. ಈ ಬೆಸಸಂಖ್ಯೆಯಿಂದಾಗಿ ಸೀಮೆಹುಲ್ಲು ಬೀಜ ಕಟ್ಟಲಾರದು. ಎರಡು ಗಿಣ್ಣುಗಳಿರುವ ಕಡ್ಡಿಯನ್ನು ನೆಟ್ಟೇ ಅದನ್ನು ಬೆಳೆಸಬೇಕು.

ಹೀಗೆ ಕೂಡಿಸುವಾಗ ಯಾವ ಸಜ್ಜೆ, ಯಾವ ನೇಪಿಯರ್ ಎಂಬುದೇ ತಳಿ ವಿಜ್ಞಾನಿಯ ಮುಂದಿರುವ ಪ್ರಶ್ನೆ. ಹುಲ್ಲಿನ ಸಂಗ್ರಹದಲ್ಲಿ ನೂರಾರು ಬಗೆಗಳಿರುತ್ತವೆ. ಎಲ್ಲವನ್ನೂ ಎಲ್ಲಕ್ಕೂ ಕೂಡಿಸಿ ನೋಡಲು ಒಂದು ಜೀವಮಾನ ಸಾಲದು. ನೋಟಕ್ಕೆ ಬೇರೆಯಾಗಿ ಕಾಣುವ ಎರಡು ಗಿಡಗಳು ಒಂದೇ ತಾಯಿಯ ಮಕ್ಕಳಾಗಿರಬಹುದು. ಒಂದೇ ತೆರನಾಗಿ ಕಾಣುವ ಎರಡು ಗಿಡಗಳು ಒಂದಕ್ಕೊಂದು ಪೂರಾ ಅಪರಿಚಿತವಾಗಿರಬಹುದು. ಆದ್ದರಿಂದ ಈಗ ಎಲೆಯಿಂದ ಡಿಎನ್‌ಎ ತೆಗೆದು, ಅದರ ಗುರುತುಗಳನ್ನು ಹೋಲಿಸಿ, ಯಾವುದು ಯಾವುದಕ್ಕೆ ಎಷ್ಟು ಹತ್ತಿರ ಎಂದು ಲೆಕ್ಕ ಹಾಕುತ್ತಾರೆ. ಹತ್ತಿರದವನ್ನು ಒಂದು ಗುಂಪಾಗಿ, ದೂರದವನ್ನು ಬೇರೆ ಗುಂಪಾಗಿ ವಿಂಗಡಿಸುತ್ತಾರೆ. ಬೇರೆ ಬೇರೆ ಗುಂಪುಗಳಿಂದ ಒಂದೊಂದನ್ನು ಆರಿಸಿ ಕೂಡಿಸಿದಾಗ ಸಂತತಿಯಲ್ಲಿ ಹುರುಪು ಹೆಚ್ಚುವ ಸಂಭವ ಹೆಚ್ಚು. ಗಾಳಿಯಲ್ಲಿ ಪರಾಗ ತೂರಿ ಪರಸ್ಪರ ಕೂಡುವ ಹುಲ್ಲುಗಳಲ್ಲಿ ನಿಕಟ ಸಂಬಂಧಿಗಳನ್ನೇ ಮತ್ತೆ ಮತ್ತೆ ಕೂಡಿಸಿದರೆ ಸಂತತಿ ಸೊರಗುತ್ತದೆ.

ಆದರೆ ದೂರವೊಂದೇ ಸಾಲದು. ದೂರದ ಗಿಡ ರೋಗಿಷ್ಠವಾಗಿದ್ದರೆ ಅದರ ಸಂಬಂಧ ಬೆಳೆಸಿ ಪ್ರಯೋಜನವಿಲ್ಲ; ಅತಿ ದೂರವಾದರೆ ಕಾಳೇ ಕಟ್ಟದಿರಬಹುದು. ತನ್ನಲ್ಲಿ ತಾನು ಒಳ್ಳೆಯದಾಗಿರುವ, ಇನ್ನೊಂದರ ಕೊರತೆಯನ್ನು ತುಂಬಬಲ್ಲ ಗಿಡವೇ ಬೇಕು. ಕೊನೆಯ ತೀರ್ಪು ಹೊಲದಲ್ಲಿಯೇ, ಹುಟ್ಟಿದ ಸಂತತಿಯನ್ನು ಬೆಳೆಸಿ, ಕೊಯ್ದು, ತೂಗಿ ನೋಡಿದ ಮೇಲೆಯೇ ದೊರೆಯುತ್ತದೆ. ಡಿಎನ್‌ಎ ಪರೀಕ್ಷೆ ಹುಡುಕಾಟವನ್ನು ಕಿರಿದಾಗಿಸುತ್ತದೆಯೇ ಹೊರತು ಮೆಂಡೆಲ್ ಅವರ ತಾಳ್ಮೆಯನ್ನು ಅನಗತ್ಯವಾಗಿಸುವುದಿಲ್ಲ.

ಉಳಿಸಬೇಕಾದದ್ದು

ಇಲ್ಲೊಂದು ಎಚ್ಚರಿಕೆಯ ಮಾತಿದೆ. ಕಡ್ಡಿಯಿಂದ ಹಬ್ಬಿದ ಒಂದು ತಳಿಯ ಸೀಮೆಹುಲ್ಲು ಎಷ್ಟು ಹೊಲಗಳಲ್ಲಿದ್ದರೂ ಅದು ಒಂದೇ ಗಿಡ. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲಬಲ್ಲದು. ಕೆನ್ಯಾ, ಉಗಾಂಡಾ ದೇಶಗಳಲ್ಲಿ ನೇಪಿಯರ್ ಹುಲ್ಲಿಗೆ ಬಂದ ಕುಬ್ಜರೋಗವು ಜಿಗಿಹುಳುಗಳಿಂದಲೂ ರೋಗ ಹತ್ತಿದ ಕಡ್ಡಿಗಳಿಂದಲೂ ಹರಡಿ, ಹುಲ್ಲು ಹಳದಿಗಟ್ಟಿ ಕುಗ್ಗಿಹೋಗಿ, ಸಣ್ಣ ರೈತರ ಹಸುಗಳನ್ನು ಹಸಿವಿಗೆ ನೂಕಿತು. ಅಂತಹ ವೇಳೆಯಲ್ಲಿ ರೋಗ ತಾಳುವ ಗುಣವನ್ನು ಹುಡುಕಿಕೊಂಡು ವಿಜ್ಞಾನಿ ಮರಳಿ ಹೋಗಬೇಕಾದದ್ದು ಹಳೆಯ ಸಂಗ್ರಹಗಳಿಗೆ, ಕಾಡು ಬಗೆಗಳಿಗೆ. ಅವು ಅಷ್ಟರಲ್ಲಿ ಅಳಿದುಹೋಗಿದ್ದರೆ ಕೂಡಿಸಲು ಜೋಡಿಯೇ ಇರುವುದಿಲ್ಲ.

ನಮ್ಮ ಜಿಲ್ಲೆಯ ಗೋಮಾಳ, ಬೇಣ, ಕಾವಲುಗಳನ್ನು ಈ ದೃಷ್ಟಿಯಿಂದ ನೋಡಬೇಕಾಗಿದೆ. ದನ ಮೇಯುವ ಬಯಲೆಂದರೆ ಬೀಳುಭೂಮಿಯೆಂಬ ಭಾವನೆ ಬೆಳೆದುಬಂದಿದೆ. ಹುಲ್ಲಿದ್ದ ಎಷ್ಟೋ ಬಯಲುಗಳಲ್ಲಿ ಕಾಗದಕ್ಕಾಗಿ ಅಕೇಶಿಯಾ ನೆಡುತೋಪುಗಳು ಬಂದವು. ಎಷ್ಟೋ ಗೋಮಾಳಗಳು ಒತ್ತುವರಿಯಾದವು. ಅಲ್ಲಿದ್ದ ಹತ್ತಾರು ಬಗೆಯ ಹುಲ್ಲುಗಳಿಗೆ ಬೆಲೆ ಕಟ್ಟಿದವರಿಲ್ಲ. ಮುಂದಿನ ಬರಗಾಲಕ್ಕೋ ಮುಂದಿನ ರೋಗಕ್ಕೋ ಉತ್ತರವಾಗಬಲ್ಲ ಗುಣ ಅವುಗಳಲ್ಲಿ ಯಾವುದರೊಳಗಾದರೂ, ಮೆಂಡೆಲ್ ಅವರ ಬಟಾಣಿಯ ಸುಕ್ಕಿನಂತೆ, ಅಡಗಿ ಕುಳಿತಿರಬಹುದು. ಶಿವಮೊಗ್ಗದಲ್ಲಿ ಕೃಷಿ ಕಾಲೇಜೂ ಪಶುವೈದ್ಯಕೀಯ ಕಾಲೇಜೂ ಇವೆ. ಅಲ್ಲಿ ಓದುತ್ತಿರುವ ನಮ್ಮ ಸಮುದಾಯದ ಯುವಕ ಯುವತಿಯರು ಈ ಹುಲ್ಲುಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸಲಿ. ರೈತರು ತಮ್ಮ ಹೊಲದಲ್ಲಿ ಒಂದೇ ತಳಿಯನ್ನು ನೆಚ್ಚದೆ ಎರಡು ಮೂರು ಬಗೆಯ ಮೇವನ್ನು ಬೆಳೆಯುವುದು ಇಂದೇ ಸಾಧ್ಯವಾದ ಕೆಲಸ.

ಮೆಂಡೆಲ್ ಅವರು ಸಂತಪದವಿಗೇರಿದವರಲ್ಲ. ಪವಾಡ ಮಾಡಿದವರೂ ಅಲ್ಲ. ಪರೀಕ್ಷೆಯಲ್ಲಿ ಸೋತರು, ಧರ್ಮಕೇಂದ್ರದ ಸೇವೆಯಲ್ಲಿ ಸೋತರು, ಹಾಕ್‌ವೀಡಿನ ಮುಂದೆ ಸೋತರು, ಸರ್ಕಾರದ ಎದುರೂ ಗೆಲ್ಲಲಿಲ್ಲ. ದೇವರು ಒಂದೊಂದು ಕಾಳಿನಲ್ಲಿಯೂ ಒಂದು ಕ್ರಮವನ್ನು ಇಟ್ಟಿದ್ದಾನೆಂಬ ನಂಬಿಕೆಯಿಂದ ಎಣಿಸುತ್ತ ಹೋದರು. ಎಣಿಸಿದ್ದನ್ನು ಇದ್ದಂತೆ ಬರೆದಿಟ್ಟರು. ಅದರ ಫಲವನ್ನು ಕೊಯ್ದವರು ಅವರು ಎಂದೂ ಕಾಣದ ನಾಡುಗಳ ಜನ.

ಮುಂದಿನ ತೆನೆ ಹಬ್ಬದಂದು ಹಾಲಿನ ಬಟ್ಟಲು ಕೈಗೆ ಬಂದಾಗ, ಮನೆಯಿಂದ ದೂರವಿರುವವರನ್ನೂ ಅಗಲಿದವರನ್ನೂ ನೆನೆಯುವ ನಮ್ಮ ಪದ್ಧತಿಯಂತೆ, ಬ್ರನೋ ನಗರದ ಆ ಮಠಾಧಿಪತಿಯನ್ನೂ ಒಂದು ಕ್ಷಣ ನೆನೆದು ಅವರ ಆತ್ಮಶಾಂತಿಗಾಗಿ ಪ್ರಾರ್ಥಿಸೋಣ.